ಗೋಡೆಗೆ ಗುರುತು ಬಿದ್ದ ಬೇಸಿಗೆ

ಆಗೆಲ್ಲ ನಮ್ಮ ಗುಬ್ಬಿ ಊರಿನ ಮಕ್ಕಳಿಗೆ ದೆವ್ವಕ್ಕಿಂತ ಖಾಕಿ ಬಟ್ಟೆ ಕಂಡರೇ ಹೆಚ್ಚು ಭಯ. ನಾನಂತೂ ಪೋಸ್ಟ್‌ಮ್ಯಾನ್ ಬಂದರೂ ಅಜ್ಜಿಯ ಸೆರಗಿನೊಳಗೆ ನುಗ್ಗುವವಳು. ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಖಾಕಿ ತೊಟ್ಟ ಮಲೇರಿಯಾದವರು ಬಂದು ಮನೆಮನೆಗೂ ಡಿಡಿಟಿ ಹೊಡೆದರು. ಮೂಗು ಸುಡುವ ಆ ವಾಸನೆ ಮುದ್ದೆಗೂ ಹತ್ತಿತ್ತು. ಹೋಗುವಾಗ ಬಾಗಿಲ ಪಕ್ಕದ ಗೋಡೆಗೆ ಕೆಮ್ಮಣ್ಣಿನಲ್ಲಿ, ಇಂಗ್ಲಿಷಿನಲ್ಲಿ, ಏನೋ ಬರೆದರು.

ನಮ್ಮ ಕೇರಿಯಲ್ಲಿ ಅದನ್ನು ಓದುವವರಿರಲಿಲ್ಲ. ಸಂಜೆಯೊಳಗೆ ಸುದ್ದಿ ಹಬ್ಬಿತು: ಹೊಳೆಗೆ ಕಟ್ಟುತ್ತಿರುವ ಸೇತುವೆ ನಿಲ್ಲುತ್ತಿಲ್ಲವಂತೆ, ಮಕ್ಕಳ ಬಲಿ ಬೇಕಂತೆ, ಗುರುತು ಬಿದ್ದ ಮನೆಗಳಿಂದ ಹಿಡಿದುಕೊಂಡು ಹೋಗುತ್ತಾರಂತೆ! ಕುಂಟೆಬಿಲ್ಲೆ ಆಡುತ್ತಿದ್ದ ನಮ್ಮನ್ನು ರಟ್ಟೆ ಹಿಡಿದು ಒಳಗೆಳೆದರು. ಅಜ್ಜಿ ಸಗಣಿ ಬಗ್ಗಡ ಬಳಿದು ಗುರುತು ಮುಚ್ಚಿದಳು.

ಅದೇ ವಾರ ನನ್ನ ತಮ್ಮನಿಗೆ ಚಳಿಜ್ವರ ಬಂತು. ಎಷ್ಟು ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಅಮ್ಮ ಆಸ್ಪತ್ರೆ ಎಂದರೆ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಆಸ್ಪತ್ರೇನೂ ಸರ್ಕಾರದ್ದೇ ಕಣೇ. ನೀನೇ ಕೈಯಾರೆ ಕೊಟ್ಟು ಬರ್ತೀಯಾ?"

ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ಯಾವುದೋ ಜೀಪಿನ ಸದ್ದಾಯಿತು. ಅಜ್ಜಿ ತಮ್ಮನನ್ನು ಎತ್ತಿ, ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಇಳಿಸಿ ಮುಚ್ಚಳ ಎಳೆದಳು. "ಇವತ್ತು ಕೇಳ್ಕಂಡೇ ಬರ್ತೀನಿ" ಎಂದು ಅಮ್ಮ ಹಿತ್ತಿಲ ಬಾಗಿಲಿನಿಂದ ಓಡಿದಳು.

ವಾಡೆಯೊಳಗಿನ ನರಳಾಟ ಸಣ್ಣಗಾಗುತ್ತ ಬಂತು. ಆಮೇಲೆ ನಿಂತೇಹೋಯಿತು. ನಾನು ವಾಡೆಗೆ ಕಿವಿ ಹಚ್ಚಿದೆ.

"ಅಜ್ಜೀ, ಅವ್ನು ಮಾತಾಡ್ತಿಲ್ಲ!"

"ಸುಮ್ಕಿರೇ! ಉಸ್ರು ಬುಟ್ಟೀಯಾ, ಜೋಕೆ!"

ಅಮ್ಮ ಓಡಿದ್ದು ಪೇಟೆಯ ಸರ್ಕಾರಿ ವಾರ್ತಾ ಕೇಂದ್ರಕ್ಕೆ. ರೇಡಿಯೊ, ಪೇಪರು ಇಟ್ಟಿದ್ದ ಒಂದೇ ಕೋಣೆ ಅದು. ಸರ್ಕಾರದ ವಿಷಯ ಏನು ಕೇಳಿದರೂ ಅಲ್ಲಿನ ಗುಮಾಸ್ತರು ಕೂರಿಸಿ ಹೇಳುತ್ತಿದ್ದರು. "ಸ್ವಾಮಿ, ನನ್ ಮಗೀನ ಬಲಿ ಕೊಡ್ತೀರಾ?" ಎಂದೇ ಕೇಳಿದಳಂತೆ. ಅವರು ನಗಲಿಲ್ಲವಂತೆ. ಕೋಣೆಗೆ ಬೀಗ ಹಾಕಿ ಅಮ್ಮನ ಜೊತೆ ಮನೆಗೇ ಬಂದರು. ಪಕ್ಕದ ಮನೆ ಗೋಡೆಯ ಬರಹವನ್ನು ಅಜ್ಜಿಗೆ ಓದಿ ಹೇಳಿದರು.

"ಅವ್ವಾ, ಇದು ಮದ್ದು ಹೊಡ್ದ ತಾರೀಕು. ಮತ್ತೆ ಯಾವಾಗ ಹೊಡೀಬೇಕು ಅಂತ ಗೊತ್ತಾಗ್ಲಿ ಅಂತ ಬರೀತಾರೆ, ಅಷ್ಟೇಯ. ನಮ್ಮನೆ ಗೋಡೆ ಮೇಲೂ ಬರ್ದವ್ರೆ. ನಂಗೂ ಮಕ್ಳವ್ರೆ."

ಅಜ್ಜಿ ಮುಚ್ಚಳ ತೆಗೆದಳು. ತಮ್ಮ ಬೆವರಲ್ಲಿ ತೊಯ್ದು, ಕಣ್ಣು ಮೇಲೆ ಮಾಡಿ ಬಿದ್ದಿದ್ದ. ಗುಮಾಸ್ತರೇ ಅವನನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ತಮ್ಮ ಉಳಿದ.

ಆ ವಾರ್ತಾ ಕೇಂದ್ರದ ಕೋಣೆ ಮುಚ್ಚಿ ಎಷ್ಟೋ ಕಾಲವಾಯಿತು. ಮೊನ್ನೆ, ಈಗ ನಾನಿರುವ ತುಮಕೂರಿನ ಬೀದಿಯವರ ಮೊಬೈಲಿಗೆಲ್ಲ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಬಂತು. ಕಂಬಳಿ ಮಾರುತ್ತ ಬಂದವನೊಬ್ಬನನ್ನು ಜನ ಸುತ್ತುವರಿದರು. ನಿಜವೋ ಸುಳ್ಳೋ, ಹೋಗಿ ಕೇಳೋಣವೆಂದರೆ ಒಂದು ಜಾಗವಿಲ್ಲ, ಒಬ್ಬ ಮನುಷ್ಯನಿಲ್ಲ. ನಾನು ಮೊಮ್ಮಗಳನ್ನು ಒಳಗೆಳೆದುಕೊಂಡು ಚಿಲಕ ಹಾಕಿದೆ. ಹೊರಗೆ ಅವನು "ಅಮ್ಮಾ, ಅಮ್ಮಾ" ಎಂದು ಕೂಗುವುದು ಕೇಳುತ್ತಲೇ ಇತ್ತು. ಬಾಗಿಲು ತೆಗೆಯಲು ನನಗೆ ಧೈರ್ಯ ಬರಲಿಲ್ಲ.