ಒಂದು ಕ್ರೇಟಿಗೆ ಒಂದೇ ಅಳತೆ

ಮಾವಿನ ಹಣ್ಣನ್ನು ಹೆಬ್ಬೆರಳಿನಿಂದ ಅದುಮಿ ನೋಡದೆ ಕೊಂಡ ಮಹಾತ್ಮರನ್ನು ನಾನಿನ್ನೂ ಕಂಡಿಲ್ಲ. ನನ್ನಂಥ ಪಾಮರನಂತೂ ಅದುಮಿ, ಮೂಸಿ, ಹಣ್ಣೇ ಬಾಯಿಬಿಟ್ಟು ತನ್ನ ಜಾತಕ ಹೇಳೀತೆಂಬಂತೆ ಧ್ಯಾನಸ್ಥನಾಗಿ ನಿಂತು, ಕೊನೆಗೆ ಹುಳಿ ಹಣ್ಣನ್ನೇ ಆರಿಸಿ ಮನೆಗೆ ತರುತ್ತೇನೆ. ಇಂಥ ಫಲಜ್ಞಾನಿಯನ್ನು ಶ್ರೀನಿವಾಸಪುರದ ಮಾವಿನ ಮಂಡಿಗೆ ಸಹಾಯಕನಾಗಿ ಕಳಿಸಿದರೆಂದರೆ ನನ್ನ ಹೆಂಡತಿ ಈಗಲೂ ನಗುತ್ತಾಳೆ.

ಕಳಿಸಿದ್ದು ಕೋಲಾರದ ಒಂದು ತರಬೇತಿ ಕೇಂದ್ರದವರು. ಆಟಿಸಂ ಇರುವ ಯುವಕ ಯುವತಿಯರಿಗೆ ಅಲ್ಲಿ ಕೆಲಸ ಕಲಿಸುತ್ತಾರೆ. ಕೆಲಸ ಸಿಕ್ಕವರ ಜೊತೆ ಮೊದಲ ತಿಂಗಳು ಯಾರಾದರೂ ಹೋಗಿ, ಪಕ್ಕದಲ್ಲಿ ನಿಂತು, ದಿನದಿನಕ್ಕೆ ಒಂದೊಂದು ಹೆಜ್ಜೆ ದೂರ ಸರಿಯುತ್ತಾ ಕಡೆಗೆ ಮಾಯವಾಗಬೇಕು. ನಿವೃತ್ತ ಕನ್ನಡ ಮೇಷ್ಟ್ರು ಬಿಡುವಾಗಿದ್ದಾನೆಂದು ನನ್ನನ್ನು ಹಿಡಿದರು. ನನ್ನ ಪಾಲಿಗೆ ಬಂದವಳು ಗೌನಿಪಲ್ಲಿಯ ಶ್ಯಾಮಲಾ, ಇಪ್ಪತ್ತನಾಲ್ಕು ವರ್ಷದವಳು. ಮಂಡಿಯ ಒಡೆಯ ವೆಂಕಟರೆಡ್ಡಿಯವರು ತಿಂಗಳ ಕೊನೆಗೆ ಒಪ್ಪಿದರೆ ಮಾವು ಮುಗಿದ ಮೇಲೆ ಟೊಮೇಟೊ ವಿಂಗಡಣೆಯೂ ಅವಳದೇ. ಒಪ್ಪದಿದ್ದರೆ ಮತ್ತೆ ಮನೆ. ಈಗಾಗಲೇ ಎರಡು ಕಡೆಯಿಂದ ಹಾಗೆ ವಾಪಸ್ಸು ಬಂದಿದ್ದಳು. "ಇನ್ನೊಂದ್ಸಲ ಬೇಡ ಅಂದ್ಬಿಟ್ರೆ ಅವಳು ಹೊಸಿಲು ದಾಟಲ್ಲ ಮೇಷ್ಟ್ರೇ" ಎಂದಿದ್ದರು ಅವಳ ತಾಯಿ.

ಮೊದಲು ತಿದ್ದಿಸಿಕೊಂಡವನು ನಾನು. ಬದುಕೆಲ್ಲ ಉಪಮೆ ರೂಪಕಗಳಲ್ಲಿ ಮಿಂದವನಿಗೆ ಕೇಂದ್ರದವರ ಕಟ್ಟಪ್ಪಣೆ: ಮಾತು ಚಿಕ್ಕದಿರಲಿ, ಅಲಂಕಾರ ಬೇಡ. ಆದರೂ ಹಳೆಯ ಚಾಳಿಯಂತೆ "ಸ್ವಲ್ಪ ನೋಡ್ಕೊಂಡು ಹಾಕಮ್ಮ" ಎಂದೆ. ಸ್ವಲ್ಪ ಅಂದರೆ ಎಷ್ಟು ಎಂದು ಕೇಳಿದಳು.  ಆಮೇಲೆ ರಟ್ಟಿನ ಮೇಲೆ ಚಿತ್ರ ಬರೆದು ಗೋಡೆಗೆ ಅಂಟಿಸಿದೆ. ಅದನ್ನು ನೋಡಿಕೊಂಡು, ಹರಾಜಿನ ಕೂಗು ಜೋರಾದಾಗ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಬಾದಾಮಿ ಮಾವಿನ ರಾಶಿಯನ್ನು ಅವಳು ಸಣ್ಣದು, ನಡುವಿನದು, ದಪ್ಪದ್ದು ಎಂದು ಬೇರ್ಪಡಿಸುವ ವೇಗಕ್ಕೆ ಮಂಡಿಯ ಹಳೇ ಆಳುಗಳೇ ಬೆರಗಾದರು. ಒಂದು ಹಣ್ಣನ್ನೂ ಅವಳು ಅದುಮಲಿಲ್ಲ.

ಎಡವಟ್ಟಾದದ್ದು ತಿಂಗಳ ಕಡೆಯ ದಿನ. ರೆಡ್ಡಿಯವರು ಮೊದಲ ಬಾರಿಗೆ ಕ್ರೇಟ್ ತುಂಬಲು ಹೇಳಿದರು. ನಾನು ಅತಿಬುದ್ಧಿವಂತ, ಯಾರನ್ನೂ ಕೇಳದೆ ಹೊಸ ರಟ್ಟು ಬರೆದೆ: ಒಂದು ಕ್ರೇಟಿಗೆ ಒಂದೇ ಅಳತೆ. ಮಧ್ಯಾಹ್ನದೊಳಗೆ ಅವಳು ನಲವತ್ತು ಕ್ರೇಟ್ ಹಾಗೆಯೇ ತುಂಬಿಟ್ಟಳು. ರೆಡ್ಡಿಯವರು ಬಂದು ನೋಡಿ ತಲೆಯ ಮೇಲೆ ಕೈ ಹೊತ್ತರು. "ದೇವುಡಾ! ಮೇಷ್ಟ್ರೇ, ಸಣ್ಣದು ಕೆಳಕ್ಕೆ, ದಪ್ಪದ್ದು ಮೇಲಿನ ಸಾಲಿಗೆ. ಎಲ್ರೂ ಹಿಂಗೇ ತುಂಬೋದು, ಕೊಳ್ಳೋರಿಗೂ ಗೊತ್ತು. ಬೇರೆ ಚಿತ್ರ ಬರೆದುಕೊಡಿ, ಇಲ್ದಿದ್ರೆ ಈ ಹುಡುಗಿ ನಮಗಾಗಲ್ಲ."

ಮೇಲೆ ಥಳುಕು, ಒಳಗೆ ಹುಳುಕು ಎಂದು ಎಷ್ಟು ತಲೆಮಾರಿನ ಮಕ್ಕಳಿಗೆ ಗಾದೆ ವಿಸ್ತರಿಸಿದ್ದೆನೋ! ಆದರೆ ಆ ತಾಯಿಯ ಮಾತು ನೆನಪಾಗಿ, ತೆಪ್ಪಗೆ ಪೆನ್ನು ತೆಗೆದು ಥಳುಕಿನ ಚಿತ್ರ ಬರೆಯತೊಡಗಿದೆ. ಶ್ಯಾಮಲಾ ಬಗ್ಗಿ ನೋಡಿದಳು. "ತಪ್ಪು ಮೇಷ್ಟ್ರೇ. ಅದು ಎರಡು ಅಳತೆ" ಎಂದಳು. ನಿಜವಾಗಿಯೂ ನಾಚಿಕೆಯಾಯಿತು. ಪೆನ್ನು ಮುಂದಕ್ಕೆ ಹೋಗಲಿಲ್ಲ.

ಅಷ್ಟರಲ್ಲಿ ಚೆನ್ನೈನ ವ್ಯಾಪಾರಿ ಬಂದ. ಬಂದವನೇ ರೂಢಿಯಂತೆ ಒಂದು ಕ್ರೇಟನ್ನು ಗೋಣಿಯ ಮೇಲೆ ಮಗುಚಿದ. ಕಣ್ಣುಜ್ಜಿಕೊಂಡು ಇನ್ನೊಂದನ್ನು ಮಗುಚಿದ. ಮೂರನೆಯದಕ್ಕೆ ಬುಡದವರೆಗೂ ಒಂದೇ ಅಳತೆ ಕಂಡು ಗಹಗಹಿಸಿ ನಕ್ಕ. ನಲವತ್ತೂ ತನಗೇ ಬೇಕು, ಇದನ್ನು ತುಂಬಿದವರೇ ಮುಂದಿನದನ್ನೂ ತುಂಬಲಿ ಎಂದ. ರೆಡ್ಡಿಯವರು ಒಂದು ಕ್ಷಣ ಪೆಚ್ಚಾಗಿ, ಆಮೇಲೆ ಮುಖವರಳಿಸಿ, "ಕೆಲಸ ನಿಂದೇ ತಲ್ಲಿ, ನಾಳೆ ಎಂಟಕ್ಕೆ ಬಂದ್ಬಿಡಮ್ಮ" ಎಂದರು.

"ಎಂಟಕ್ಕಾಗಲ್ಲ. ಬಸ್ಸು ಇಲ್ಲಿಗೆ ಬರೋದೇ ಎಂಟೂ ಹತ್ತಕ್ಕೆ. ಎಂಟೂಕಾಲಿಗೆ ಬರ್ತೀನಿ."

"ಹಂಗೇ ಆಗಲಮ್ಮ!"

 ಸಂತೋಷ ತಡೆಯಲಾರದೆ ನಾನು ಇಂಥ ಸಂದರ್ಭಕ್ಕೆ ತಕ್ಕ ಒಂದು ಭಾಷಣ ಶುರು ಮಾಡಿದೆ. ಅವಳು ಎರಡು ವಾಕ್ಯ ಕೇಳಿಸಿಕೊಂಡಳು.

"ಮೇಷ್ಟ್ರೇ, ನೀವು ನಾಳೆಯಿಂದ ಬರಬೇಡಿ. ನಂಗೆ ಬರುತ್ತೆ."

ಕೋಲಾರದ ಬಸ್ಸು ಹತ್ತಿ, ಪಕ್ಕದಲ್ಲಿ ಕೂತವರು, ಮುಂದಿನ ಸೀಟಿನವರು, ಟಿಕೆಟ್ ಕೊಡಲು ಬಂದ ಕಂಡಕ್ಟರು, ಎಲ್ಲರಿಗೂ ಹೇಳಿದೆ: "ಇವತ್ತು ನನ್ನನ್ನ ಕೆಲಸದಿಂದ ತೆಗೆದುಬಿಟ್ಟರು ಕಣ್ರೀ!"