ಬರೋಕಮ್ಮನಿಗೆ ತಕ್ಕ ಗೋಡೆ

ಮೊಳೆಯಣ್ಣನ ಮುತ್ತಜ್ಜ ಚಿತ್ರಶಾಲೆಗೆ ಬೆಂಕಿ ಬಿದ್ದ ದಿನ ಹನ್ನೊಂದು ಚಿತ್ರಗಳನ್ನು ಬೆನ್ನ ಮೇಲೆ ಹೊತ್ತು ತಂದವನು. ಹನ್ನೆರಡನೆಯದಕ್ಕೆ ಹೋಗಿ ಮೀಸೆ ಸುಟ್ಟುಕೊಂಡು ಬಂದ. ಅಜ್ಜ ಬರೀ ಕಣ್ಣಳತೆಯಲ್ಲಿ ಚೌಕಟ್ಟು ತೂಗುಹಾಕುತ್ತಿದ್ದ. ಅಪ್ಪ ನಲವತ್ತು ವರ್ಷ ಮೊಳೆ ಹೊಡೆದರೂ ಒಮ್ಮೆಯೂ ಹೆಬ್ಬೆರಳು ಜಜ್ಜಿಕೊಳ್ಳಲಿಲ್ಲವಂತೆ. ಹಾಗೆಂದು ಹೇಳಿದವನೂ ಅಪ್ಪನೇ. ಆ ವಂಶದ ಕುಡಿ ಮೊಳೆಯಣ್ಣ, ಅದೇ ಚಿತ್ರಶಾಲೆಯಲ್ಲಿ ಚಿತ್ರ ತೂಗುಹಾಕುವವನು. ಓದಿದ್ದು ನಾಲ್ಕನೇ ತರಗತಿ, ಗರ್ವ ನಾಲ್ಕು ಪಂಡಿತರಿಗೆ ಹಂಚಿ ಮಿಗುವಷ್ಟು.

ಅಚ್ಚುಮೆಚ್ಚಿನ ಚಿತ್ರ ಬಾಗಿಲ ಎದುರಿಗೇ ಇರಬೇಕು ಎಂಬುದು ಅವರ ಮನೆತನದ ಕಟ್ಟಳೆ. ಆ ವರ್ಷ ಗೋಡೆಗೆ ಸುಣ್ಣ ಬಳಿದ ಮೇಲೆ ಅವನು ಅಲ್ಲಿ ತೂಗಿದ್ದು ಬರೋಕ್ ಎಂಬ ಹಳೆಯ ಯುರೋಪಿನ ಶೈಲಿಯ ಒಂದು ಚಿತ್ರ: ಕೋಳಿ ಕದ್ದವನ ಮಣಿಕಟ್ಟನ್ನು ಮುದುಕಿಯೊಬ್ಬಳು ಗಪ್ಪನೆ ಹಿಡಿದ ಗಳಿಗೆ. ಹೊಸದಾಗಿ ಬಂದ ನಿರ್ದೇಶಕಿ ನೋಡಿ, ಮಸಿ ಮೆತ್ತಿದ ಹಾಗಿದೆ, ನಾಳೆಯೇ ಗೋಡೌನಿಗೆ ಕಳಿಸಿ ಎಂದರು. ಗೋಡೌನಿಗೆ ಹೋದ ಚಿತ್ರ ತಿರುಗಿ ಬಂದದ್ದಿಲ್ಲ.

ಮರುದಿನ ಅವನು ಬೇರೆ ಕಾಲದ ಎರಡು ಚಿತ್ರಗಳನ್ನು ತಂದು ಅದರ ಅಕ್ಕಪಕ್ಕ ಒರಗಿಸಿ, ನಿರ್ದೇಶಕಿಯನ್ನು ಕರೆದ. ಬಾಗಿಲಲ್ಲಿ ಟಿಕೆಟ್ ಕೊಡುವ ಅವನ ಸೊಸೆಯೂ ಬಂದಳು.

"ಇದು ಪುನರುಜ್ಜೀವನ ಕಾಲದ್ದು ಮೇಡಂ. ಎಲ್ಲರೂ ಫೋಟೋಗೆ ನಿಂತ ಬೀಗರ ಹಾಗೆ, ಬೆಳಕೂ ಎಲ್ಲರಿಗೂ ಸಮಪಾಲು. ಆ ಕಡೇದು ಇಂಪ್ರೆಷನಿಸ್ಟ್. ಅಲ್ಲಿ ಬೆಳಕೇ ಯಜಮಾನ, ಮನುಷ್ಯರು ಬಾಡಿಗೆಗೆ ಬಂದೋರು. ನಮ್ಮ ಬರೋಕಮ್ಮ ಹಾಗಲ್ಲ. ಕಳ್ಳ ಸಿಕ್ಕಿಬೀಳೋ ಹೊತ್ತಿಗೆ ಸರಿಯಾಗಿ ಒಂದೇ ಕಡೆಯಿಂದ ದೀಪ ಹಿಡೀತಾಳೆ. ಮಿಕ್ಕಿದ್ದೆಲ್ಲ ಕತ್ತಲು."

"ದೀಪ ಎಡಗಡೆಯಿಂದ ಹಿಡಿದಿದಾಳೆ ಮಾವ," ಎಂದಳು ಸೊಸೆ ಮೆಲ್ಲಗೆ. "ನಮ್ಮ ಕಿಟಕಿ ಬಲಗಡೆ ಇದೆಯಲ್ಲ?"

ಮೊಳೆಯಣ್ಣನ ಮುಖ ಹರಳೆಣ್ಣೆ ಕುಡಿದಂತಾಯಿತು. ಉಳಿದೆರಡು ಚಿತ್ರ ಯಾವ ಗೋಡೆಯಲ್ಲಾದರೂ ಬದುಕಿಕೊಳ್ಳುತ್ತವೆ. ಇದರ ನೆರಳು ಮಾತ್ರ ಕಿಟಕಿಯ ಬೆಳಕಿನೊಂದಿಗೆ ಜಗಳ ಕಾಯುತ್ತಿತ್ತು. ಮೂರು ತಲೆಮಾರಿನ ಕಟ್ಟಳೆಯೇ ಕೈಕೊಟ್ಟಿತ್ತು. ಅವನು ಚಿತ್ರ ಇಳಿಸಿ, ಎದುರು ಗೋಡೆಯಲ್ಲಿ, ಬಾಗಿಲ ಪಕ್ಕಕ್ಕೆ ಹಿಡಿದು ತೋರಿಸಿದ. ಈಗ ಕಿಟಕಿ ಎಡಕ್ಕೆ ಬಂತು. ಮುದುಕಿಯ ಕೈ ಹೊಳೆಯಿತು, ಕಳ್ಳನ ಬಾಯಿ ಒಣಗಿದ್ದೂ ಕಂಡಿತು. ನಿರ್ದೇಶಕಿ ತಾವೇ ಒಂದು ಹೆಜ್ಜೆ ಹಿಂದೆ ಸರಿದು, ಇದು ಇಲ್ಲೇ ಇರಲಿ ಎಂದರು. ಚಿತ್ರ ಒಯ್ಯಲು ಗೋಡೌನಿನ ಆಳುಗಳು ಹೇಗೂ ಬರುತ್ತಾರೆ, ಅವರೇ ತೂಗಲಿ ಎಂದೂ ಸೇರಿಸಿದರು. ಅಷ್ಟರಲ್ಲಿ ಸೊಸೆ ತಾನೇ ಹತ್ತಿ ತೂಗಲೆಂದು ಏಣಿ ಹಿಡಿದಿದ್ದಳು.

"ಏಣಿ ಬಿಡಮ್ಮ," ಎಂದ ಮೊಳೆಯಣ್ಣ. "ತಪ್ಪು ಗೋಡೆ ಹಿಡಿದೋನು ನಾನು, ಸರಿ ಮಾಡೋನೂ ನಾನೇ. ಆ ಆಳುಗಳು ಬಂದರೆ ಟಿಕೆಟ್ ಕೊಟ್ಟು ಒಳಗೆ ಬಿಡು. ನೋಡ್ಕೊಂಡು ಹೋಗಲಿ."