ಗೌರಿಯ ಜಡೆ, ನನ್ನ ಅಮ್ಮ

ಹೆಣ್ಣುಮಕ್ಕಳ ತಲೆಸ್ನಾನಕ್ಕೆ ಅರ್ಧ ದಿನವನ್ನೇ ಎತ್ತಿಡುತ್ತಿದ್ದ ಕಾಲ ಅದು. ಭಾನುವಾರ ಬೆಳಿಗ್ಗೆ ದುರ್ಗಿಗುಡಿಯ ನಮ್ಮ ಓಣಿಯಲ್ಲಿ ಯಾವ ಮನೆಯ ಮುಂದೆ ನಿಂತರೂ ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ ಹೊಗೆಯ ವಾಸನೆ. ಆ ಸಂಭ್ರಮದಲ್ಲಿ ನನಗೆ ಪಾಲಿರಲಿಲ್ಲ. ನನ್ನದು ಇಲಿ ಬಾಲ. ಎರಡು ಚೊಂಬು ನೀರು ಸುರಿದರೆ ನನ್ನ ತಲೆಸ್ನಾನ ಮುಗಿದೇ ಹೋಗುತ್ತಿತ್ತು.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಗೆ ಭದ್ರಾವತಿಯಿಂದ ಗೌರಿ ಬಂದಳು. ದೊಡ್ಡಮ್ಮನ ಮಗಳು, ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಅವಳ ಜಡೆ ಮಂಡಿ ಮುಟ್ಟುತ್ತಿತ್ತು. ದೊಡ್ಡಮ್ಮ ಅಲ್ಲಿನ ಓಲ್ಡ್ ಟೌನಿನಲ್ಲಿ ಸಣ್ಣ ಕ್ಯಾಂಟೀನು ಇಟ್ಟುಕೊಂಡಿದ್ದಳು. ಕಾರ್ಖಾನೆಯ ಬೆಳಗಿನ ಶಿಫ್ಟಿನವರಿಗೆ ಇಡ್ಲಿ ಬೇಯಿಸುವ ಗಡಿಬಿಡಿಯಲ್ಲಿ ಮಗಳ ತಲೆ ಬಾಚಲು ಪುರುಸೊತ್ತಿಲ್ಲ, ಕತ್ತರಿಸಿಬಿಡುತ್ತೇನೆ ಎಂದಿದ್ದಳಂತೆ.

ಅಮ್ಮ ತನ್ನ ಅಕ್ಕನನ್ನೇ ಗದರಿಸಿದಳು. "ಕತ್ತರಿ ಮುಟ್ಸಿದ್ರೆ ನಿನ್ ಮನೆ ಮೆಟ್ಲು ಹತ್ತಲ್ಲ ನೋಡು. ರಜೆ ಮುಗಿಯೋ ತನಕ ನನ್ ಹತ್ರ ಬಿಡು."

ಬಂದ ದಿನ ಗೌರಿಯ ಜಡೆಯ ತುದಿಯಲ್ಲಿ ರಬ್ಬರ್ ಬ್ಯಾಂಡ್ ಇತ್ತು, ಬೇಕರಿಯವರು ಪೊಟ್ಟಣಕ್ಕೆ ಹಾಕುತ್ತಾರಲ್ಲ, ಅದೇ. ಅದನ್ನು ಬಿಡಿಸುವಾಗ ಜೊತೆಗೆ ನಾಲ್ಕಾರು ಕೂದಲು ಕಿತ್ತುಬಂದವು. ಅಮ್ಮನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನ್ನ ಕೂದಲನ್ನು ದಿನಾ ಅದೇ ರಬ್ಬರಿನಲ್ಲಿ ಕಟ್ಟುತ್ತಿದ್ದವಳೂ ಅವಳೇ. ನನಗೂ ಕಿತ್ತುಬರುತ್ತಿದ್ದವು.

ಮಾರನೆಯ ದಿನವೇ ಗಾಂಧಿ ಬಜಾರಿಗೆ ಸವಾರಿ ಹೊರಟಿತು. ಅಮ್ಮ ಇದ್ದುದರಲ್ಲೇ ನುಣುಪಾದ ರೇಷ್ಮೆ ಸೀರೆ ಉಟ್ಟಿದ್ದಳು. ಯಾವ ಮದುವೆ ಎಂದು ಅಪ್ಪ ತಮಾಷೆ ಮಾಡಿದರು. ಕಾರಣ ಅಂಗಡಿಯಲ್ಲಿ ಗೊತ್ತಾಯಿತು. ಫ್ಯಾನ್ಸಿ ಸ್ಟೋರಿನವನು ಸುರಿದ ಒಂದೊಂದು ಕ್ಲಿಪ್ಪನ್ನೂ ಅಮ್ಮ ಸೆರಗಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದಳು. ಒಂದು ಎಳೆ ಸಿಕ್ಕಿಕೊಂಡರೂ ಸಾಕು, ಆ ಕ್ಲಿಪ್ಪು ವಾಪಸ್.

"ಅಕ್ಕಾ, ಸೀರೆ ಹಾಳಾದ್ರೆ ನನ್ನ ಜವಾಬ್ದಾರಿ ಅಲ್ಲ," ಎಂದ ಅಂಗಡಿಯವನು.

"ಸೀರೆ ಇನ್ನೊಂದು ತಗೋಬಹುದಪ್ಪಾ. ಈ ಕೂದಲು ಎಲ್ ಸಿಗುತ್ತೆ?"

ಗೌರಿಗೆ ಅಗಲ ಹಲ್ಲಿನ ಮರದ ಬಾಚಣಿಗೆ, ಮಖಮಲ್ಲು ಸುತ್ತಿದ ಬ್ಯಾಂಡು, ಮೊನೆ ಉರುಟಾದ ದೊಡ್ಡ ಕ್ಲಿಪ್ಪು, ಜಡೆಗೆ ಭಾರವಾಗದ ನೂಲಿನ ಕುಚ್ಚು. ಅವಳು ಪಾಪ, ಬೊಂಬೆಯ ಹಾಗೆ ನಿಂತಿದ್ದಳು. ಅಷ್ಟು ಪಾಪದವಳಾಗಿದ್ದುದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ಜಂಬ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

"ನಂಗಮ್ಮಾ?" ಎಂದೆ.

"ನಿಂಗೆ ಯಾವ್ದಾದ್ರೂ ನಡಿಯತ್ತೆ ಕಣೇ. ಆರಿಸ್ಕೋ."

ಯಾವುದಾದರೂ ನಡೆಯುತ್ತದೆ! ಹಟಕ್ಕೆ ಬಿದ್ದು, ಹಲ್ಲುಹಲ್ಲಿನ ಪ್ಲಾಸ್ಟಿಕ್ ಹೇರ್‌ಬ್ಯಾಂಡ್ ಆರಿಸಿದೆ. ಚುಚ್ಚುತ್ತದೆ, ಬೇಡ ಎನ್ನುತ್ತಾಳೆ ಎಂದು ಕಾದೆ. ಅಮ್ಮ ದುಡ್ಡು ಕೊಟ್ಟು ಹೊರಟೇಬಿಟ್ಟಳು. ಕಿವಿಯ ಹಿಂದೆ ಕೆಂಪಗೆ ಗೀರು ಬೀಳುವವರೆಗೂ ಅದನ್ನು ಹಾಕಿಕೊಂಡೆ, ಅಮ್ಮ ನೋಡಲಿ ಎಂದೇ.

ಆಮೇಲೆ ದಿನಾ ಸಂಜೆ ಅದೇ ಕಥೆ. ಅಮ್ಮ ಜಗಲಿಯ ಮೇಲೆ, ಗೌರಿ ಕೆಳಗಿನ ಮೆಟ್ಟಿಲ ಮೇಲೆ. ತುದಿಯಿಂದ ಸಿಕ್ಕು ಬಿಡಿಸುತ್ತಾ ಮೇಲೆ ಬರಬೇಕು. ಅಷ್ಟೂ ಹೊತ್ತು ಅಮ್ಮ ಅವಳ ಕಿವಿಯ ಹತ್ತಿರ ಏನೇನೋ ಮಾತಾಡುತ್ತಿದ್ದಳು, ತನ್ನ ಶಾಲೆಯ ಕಥೆ, ಅಜ್ಜಿ ಬೈಯುತ್ತಿದ್ದದ್ದು, ಮದುವೆಗೆ ಮುಂಚಿನ ಯಾವುದೋ ಗೆಳತಿ. ನನಗೆ ಒಂದು ದಿನವೂ ಹೇಳದ ಕಥೆಗಳು. ನಾನು ಅಂಗಳದಲ್ಲಿ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಾ, ಬೇಕೆಂದೇ ಬಿಲ್ಲೆಯನ್ನು ಜಗಲಿಯ ಹತ್ತಿರ ಎಸೆದು ತರಲು ಹೋಗುತ್ತಿದ್ದೆ. ಹತ್ತಿರ ಹೋದರೆ ಮಾತು ಕೇಳಿಸುತ್ತಿತ್ತು.

ರಜೆಯ ಕೊನೆಗೆ ಮೊಗ್ಗಿನ ಜಡೆ. ಮಲ್ಲಿಗೆ ಮೊಗ್ಗನ್ನು ನೇರವಾಗಿ ಕೂದಲಿಗೆ ಹೊಲಿದರೆ ಸೂಜಿ ಎಳೆಯುತ್ತದೆ ಎಂದು ಅಮ್ಮ ಹಳೆ ಹತ್ತಿ ಸೀರೆಯ ಪಟ್ಟಿಯ ಮೇಲೆ ಹೊಲಿದು, ಆ ಪಟ್ಟಿಯನ್ನು ಗೌರಿಯ ಜಡೆಗೆ ಹಗುರವಾಗಿ ಕಟ್ಟಿದಳು. ನನಗೂ ಬೇಕೇಬೇಕು ಎಂದು ರಂಪ ಮಾಡಿದೆ. ಪಕ್ಕದ ಮನೆಯಿಂದ ಚೌರಿ ತಂದು ನನ್ನ ಇಲಿ ಬಾಲಕ್ಕೆ ಸೇರಿಸಿ, ಜಾರದಿರಲಿ ಎಂದು ರಬ್ಬರ್ ಬ್ಯಾಂಡ್ ಹಾಕಿ ಬಿಗಿದಳು. ನೆತ್ತಿಯ ಚರ್ಮವೇ ಹಿಂದಕ್ಕೆ ಹೋದ ಹಾಗಾಯಿತು. ಆದರೂ ಫೋಟೋ ತೆಗೆಸಲು ಎಲ್ಲರಿಗಿಂತ ಮುಂಚೆ ಹೊರಟು ನಿಂತೆ.

ಸ್ಟುಡಿಯೋದಲ್ಲಿ ಜಡೆ ಕಾಣಲಿ ಎಂದು ಬೆನ್ನ ಹಿಂದೆ ನಿಲುವುಗನ್ನಡಿ ಇಡುತ್ತಿದ್ದರು. "ಕತ್ತು ಸ್ವಲ್ಪ ತಿರುಗ್ಸಮ್ಮಾ," ಎಂದ ಫೋಟೋದವನು. ತಿರುಗಿಸಿದೆ. ಚೌರಿ ಹೂವಿನ ಸಮೇತ ಧೊಪ್ಪನೆ ನೆಲಕ್ಕೆ ಬಿತ್ತು. ಫೋಟೋದವನು ನಕ್ಕ. ಅಮ್ಮನೂ ನಕ್ಕಳು. ಗೌರಿ ನಗಲಿಲ್ಲ, ಬಗ್ಗಿ ಎತ್ತಿಕೊಟ್ಟಳು. ಅವಳ ಮುಖಕ್ಕೆ ಅದನ್ನು ಬೀಸಿ ಹೊಡೆಯಬೇಕು ಅನ್ನಿಸಿತು. ಫೋಟೋದಲ್ಲಿ ಕನ್ನಡಿಯ ಮುಂದೆ ಅವಳೊಬ್ಬಳೇ ಇದ್ದಾಳೆ.

ಶಾಲೆ ಶುರುವಾಗುವ ಮುಂಚೆ ಗೌರಿಯನ್ನು ಭದ್ರಾವತಿಗೆ ಬಿಟ್ಟುಬಂದೆವು. ಹೊಳೆಯ ಸೇತುವೆ ದಾಟುವಾಗ ನಾನು ಬಸ್ಸಿನಲ್ಲಿ ಹಾಡಿಕೊಂಡೇ ಬಂದೆ, ಅಮ್ಮ ವಾಪಸ್ ಸಿಕ್ಕಳು ಎಂದು. ಅವತ್ತು ಸಂಜೆ ಅಮ್ಮ ಕರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತು ಬಾಚಣಿಗೆ ಹಿಂದಕ್ಕೆ ಚಾಚಿದೆ. ಅಮ್ಮ ಬಾಚಿದಳು. ಶಾಲೆಯ ಕಥೆ ಈಗ ಬರುತ್ತದೆ ಎಂದು ಕಿವಿ ನೆಟ್ಟಗೆ ಮಾಡಿದೆ.

"ಆಯ್ತು, ಏಳು," ಎಂದಳು ಅಮ್ಮ.

ಇಷ್ಟು ಬೇಗ? ಒಳಗೆ ಒಲೆಯ ಮೇಲೆ ಇಟ್ಟಿದ್ದ ಹಾಲು ಇನ್ನೂ ಉಕ್ಕಿರಲಿಲ್ಲ. ಒಂದು ಕಥೆ ಶುರುವಾಗಲಿಕ್ಕೂ ನನ್ನ ತಲೆಯಲ್ಲಿ ಸಾಕಷ್ಟು ಕೂದಲಿರಲಿಲ್ಲ. ಬೆಳೆಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡೆ.

ಬೆಳೆಸಿದೆ. ವರ್ಷಗಟ್ಟಲೆ ಹಿಡಿಯಿತು. ಕಾಲೇಜು, ಮದುವೆ, ಊರೂರು ವರ್ಗ ಎಲ್ಲ ಮುಗಿದು ನಮ್ಮೂರಿಗೇ ಬಂದು ಗೋಪಾಳದಲ್ಲಿ ಮನೆ ಮಾಡುವ ಹೊತ್ತಿಗೆ ನನ್ನ ಜಡೆ ಸೊಂಟ ದಾಟಿತ್ತು. ಈಗ ಅಂಗಡಿಗೂ ಹೋಗಬೇಕಿಲ್ಲ. ರೇಷ್ಮೆಯ ಸ್ಕ್ರಂಚಿ, ಕೂದಲು ಎಳೆಯದ ಕ್ಲಿಪ್ಪು ಎಲ್ಲ ಫೋನಿನಲ್ಲೇ ಆರಿಸಿದರೆ ಬಾಗಿಲಿಗೆ ಬರುತ್ತವೆ. ದೊಡ್ಡಮ್ಮನ ಕ್ಯಾಂಟೀನು ನಡೆಸುವ ಗೌರಿ ಹೋದ ವರ್ಷ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಬಂದಳು. "ತಲೆ ಹಗುರ ಆಯ್ತು ಮಾರಾಯ್ತಿ, ಯಾವತ್ತೋ ಮಾಡ್ಬೇಕಿತ್ತು," ಎಂದು ನಕ್ಕಳು. ನನ್ನ ಒಂದು ಇಡೀ ರಜೆಯನ್ನು ನುಂಗಿದ ಕೂದಲನ್ನು ಪಾರ್ಲರಿನ ನೆಲದ ಮೇಲೆ ಬಿಟ್ಟು ಎಷ್ಟು ಸಲೀಸಾಗಿ ಎದ್ದುಬಂದಿದ್ದಳು! ಆಗಲೂ ನನ್ನ ಹೊಟ್ಟೆ ಉರಿಯಿತು.

ಅಮ್ಮ ಈಗ ನಮ್ಮ ಜೊತೆಗೇ ಇದ್ದಾಳೆ. ಸಂಧಿವಾತಕ್ಕೆ ಅವಳ ಬೆರಳುಗಳು ಸೆಟೆದಿವೆ, ತುತ್ತು ಹಿಡಿಯುವುದೂ ಕಷ್ಟ. ಮೊನ್ನೆ ತಲೆಸ್ನಾನ ಮಾಡಿ, ಕೂದಲು ಹರವಿಕೊಂಡು ಅವಳ ಮಂಚಕ್ಕೆ ಒರಗಿ ನೆಲದ ಮೇಲೆ ಕೂತೆ. ಬಾಚು ಎಂದು ಬಾಯಿಬಿಟ್ಟು ಕೇಳಲಿಲ್ಲ. ಅಮ್ಮ ತಾನೇ ಕೈಯಿಟ್ಟಳು. ನೆತ್ತಿಯಿಂದ ಸೊಂಟದವರೆಗೂ ಸವರಿದಳು.

"ಎಷ್ಟ್ ಚೆನ್ನಾಗಿದೆ ಕಣೇ," ಎಂದಳು. "ಥೇಟ್ ನಮ್ಮ ಗೌರಿ ಕೂದಲೇ."

ಅಮ್ಮ ಕೂದಲನ್ನು ಮೂರು ಕಾಲು ಮಾಡಿ ಹೆಣೆಯಲು ನೋಡಿದಳು. ಎರಡೇನೋ ಕೈಯಲ್ಲಿ ನಿಂತವು, ಮೂರನೆಯದು ಬೆರಳಿನಿಂದ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು.

"ಆಗಲ್ವೇ," ಎಂದಳು.

"ಇರ್ಲಿ ಬಿಡಮ್ಮಾ, ಸುಮ್ನೆ ತಲೆ ಮೇಲೆ ಕೈ ಇಟ್ಕೊಂಡಿರು," ಎಂದು ಕೂದಲನ್ನು ಮುಂದಕ್ಕೆ ತಂದು ನಾನೇ ಹೆಣೆದುಕೊಂಡೆ.